ಪ್ಯಾರಾಲೀಗಲ್ ಆಗಬೇಕೆ? ಪಹಣಿಯಿಂದ ಶುರು ಮಾಡಿ

ಮೊಬೈಲ್ ತೆರೆದರೆ ಸಾಕು, ‘ಪ್ಯಾರಾಲೀಗಲ್ ಆಗಿ, ಮನೆಯಲ್ಲೇ ಕುಳಿತು ಗಳಿಸಿ’ ಎಂಬ ಜಾಹೀರಾತು ಎದುರಾಗುತ್ತದೆ. ಕುಮಟಾದಲ್ಲೋ ಯಲ್ಲಾಪುರದಲ್ಲೋ ಬಿ.ಕಾಂ. ಮುಗಿಸಿ ಮುಂದೇನು ಎಂಬ ಯೋಚನೆಯಲ್ಲಿರುವವರು ಅದಕ್ಕೆ ಹಣ ಕಟ್ಟುವ ಮೊದಲು ಸ್ವಲ್ಪ ತಾಳಬೇಕು. ಪ್ಯಾರಾಲೀಗಲ್ ಎಂದರೆ ವಕೀಲರಲ್ಲದಿದ್ದರೂ ಕಾನೂನಿನ ಕಾಗದಪತ್ರದ ಕೆಲಸ ಮಾಡುವವರು. ಅಮೆರಿಕದ ಕಾನೂನು ಕಚೇರಿಗಳಲ್ಲಿ ಅದು ಬೇರೂರಿದ ಉದ್ಯೋಗ. ಕೆನಡಾದ ಆಂಟಾರಿಯೊ ಪ್ರಾಂತ್ಯದಲ್ಲಂತೂ 2007ರಿಂದ ಅದಕ್ಕೆ ಪರವಾನಗಿ ವ್ಯವಸ್ಥೆಯೇ ಇದೆ. ನಮ್ಮಲ್ಲಿ ಹಾಗಿಲ್ಲ. ವಕೀಲರಿಗೆ 1961ರ ಅಧಿನಿಯಮವಿದೆ, ವಕೀಲರ ಪರಿಷತ್ತಿದೆ. ಪ್ಯಾರಾಲೀಗಲ್‌ಗಳಿಗೆ ಅಂಥದ್ದೇನೂ ಇಲ್ಲ. ಆದ್ದರಿಂದ ಯಾವ ಸಂಸ್ಥೆಯ ಪ್ರಮಾಣಪತ್ರವೂ ಒಂದು ಹುದ್ದೆಯ ಹಕ್ಕನ್ನು ಕೊಡುವುದಿಲ್ಲ.

ಕೆಲಸ ಮಾತ್ರ ಉತ್ತರ ಕನ್ನಡದಲ್ಲಿ ಬೇಕಾದಷ್ಟಿದೆ, ಹಳೆಯ ಹೆಸರುಗಳಲ್ಲಿ ಇದೆ: ವಕೀಲರ ಗುಮಾಸ್ತ, ಪತ್ರ ಬರಹಗಾರ, ಸಹಕಾರಿ ಸಂಘದ ವಸೂಲಿ ವಿಭಾಗದ ನೌಕರ, ಕಾನೂನು ಸೇವೆಗಳ ಪ್ರಾಧಿಕಾರದ ಸ್ವಯಂಸೇವಕ. ಇವರೆಲ್ಲರ ಬಂಡವಾಳ ಒಂದೇ. ಕಾಗದವನ್ನು ಓದುವುದು, ತಾರೀಖಿನ ಪ್ರಕಾರ ಜೋಡಿಸುವುದು, ಯಾವ ಕಾಗದ ಇಲ್ಲ ಎಂಬುದನ್ನು ಕಂಡುಹಿಡಿಯುವುದು. ಕಲಂಗಳನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ ಸಿಗುತ್ತಾರೆ. ಮೂವತ್ತು ವರ್ಷದ ಹಳೆಯ ಕಡತದಲ್ಲಿ ತಪ್ಪಿಹೋದ ಒಂದು ಹಾಳೆಯನ್ನು ಗುರುತಿಸುವವರು ಅಪರೂಪ, ಅವರನ್ನು ಯಾವ ವಕೀಲರೂ ಬಿಟ್ಟುಕೊಡುವುದಿಲ್ಲ.

ಖರ್ಚಿಲ್ಲದ ಬಾಗಿಲು

ಮೊದಲು ನೋಡಬೇಕಾದದ್ದು ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವೆಗಳ ಪ್ರಾಧಿಕಾರವನ್ನು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರಡಿ ರಾಷ್ಟ್ರೀಯ ಪ್ರಾಧಿಕಾರವು 2009ರಲ್ಲಿ ಅರೆ ಕಾನೂನು (ಪ್ಯಾರಾಲೀಗಲ್) ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ, ತಾಲ್ಲೂಕು ಸಮಿತಿಗಳು ಆಯಾ ಊರಿನ ನ್ಯಾಯಾಲಯಗಳಲ್ಲಿವೆ. ಎಸ್ಸೆಸ್ಸೆಲ್ಸಿ ಆದವರೂ ಅರ್ಜಿ ಹಾಕಬಹುದು. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು, ಸ್ವಸಹಾಯ ಸಂಘದ ಮಹಿಳೆಯರು, ಕಾನೂನು ವಿದ್ಯಾರ್ಥಿಗಳು ಎಲ್ಲರಿಗೂ ಅವಕಾಶವಿದೆ. ಪ್ರಾಧಿಕಾರ ಆಗಾಗ ಪ್ರಕಟಣೆ ಹೊರಡಿಸುತ್ತದೆ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂದು ಹೋಗುವುದರಿಂದ ಕಚೇರಿಗೇ ಹೋಗಿ ವಿಚಾರಿಸಿಡುವುದು ಒಳ್ಳೆಯದು. ಆಯ್ಕೆಯಾದವರಿಗೆ ತರಬೇತಿ ಮತ್ತು ಗುರುತಿನ ಚೀಟಿ ಕೊಡುತ್ತಾರೆ. ನಿಯೋಜಿಸಿದ ದಿನಗಳಿಗೆ ಗೌರವಧನ ಸಿಗುತ್ತದೆ, ಅದು ಸಂಬಳವಲ್ಲ. ಅದನ್ನೇ ನಂಬಿ ಮದುವೆ ಗೊತ್ತುಮಾಡಿಕೊಳ್ಳಬೇಡಿ.

ಆದರೆ ಕಲಿಕೆಗೆ ಇದಕ್ಕಿಂತ ಅಗ್ಗದ ಶಾಲೆ ಇಲ್ಲ. ಯಾರು ಉಚಿತ ವಕೀಲರನ್ನು ಪಡೆಯಬಹುದು ಎಂಬುದನ್ನು ಹೇಳುವ, ಅದೇ ಅಧಿನಿಯಮದ 12ನೇ ಕಲಮನ್ನು ಮೊದಲು ಓದಿಕೊಳ್ಳಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಾರ್ಮಿಕರು, ನೈಸರ್ಗಿಕ ವಿಕೋಪಕ್ಕೆ ಸಿಕ್ಕವರು. ಇವರಿಗೆ ಆದಾಯದ ಮಿತಿಯ ಪ್ರಶ್ನೆ ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಅಂಥ ಹೊತ್ತಿನಲ್ಲಿ ನೊಂದ ಮನೆಯವರಿಗೆ ಈ ಕಲಂ ನೇರವಾಗಿ ಅನ್ವಯಿಸುತ್ತದೆ. ಅದನ್ನು ಅವರ ಮನೆಯ ಜಗುಲಿಯಲ್ಲಿ ಕುಳಿತು, ಅವರ ಭಾಷೆಯಲ್ಲಿ ಹೇಳುವುದು ಸ್ವಯಂಸೇವಕರ ಕೆಲಸ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಅಂಕೋಲಾದ ಕೊಪ್ಪಗಳಲ್ಲಿ ಹಾಲಕ್ಕಿಗರ ಕನ್ನಡ. ಕೇಳಿಸಿಕೊಳ್ಳುವುದು ಮನೆಮಾತಿನಲ್ಲಿ, ಬರೆಯುವುದು ನ್ಯಾಯಾಲಯದ ಕನ್ನಡದಲ್ಲಿ. ಈ ಎರಡರ ನಡುವೆ ಓಡಾಡಬಲ್ಲವರಿಗೆ ನಮ್ಮ ಜಿಲ್ಲೆಯಲ್ಲಿ ಬೆಲೆಯಿದೆ. 15100 ಎಂಬ ಉಚಿತ ಸಹಾಯವಾಣಿಯನ್ನೂ ಜನರ ಮೊಬೈಲಿನಲ್ಲಿ ಬರೆದುಕೊಡಿ.

ವಕೀಲರ ಕಚೇರಿಯಲ್ಲಿ ಕಲಿಯುವುದು

ನಿಜವಾದ ಕಸುಬು ಸಿದ್ಧಿಸುವುದು ಇಲ್ಲಿ. ಕಚೇರಿ ಆರಿಸುವಾಗ ಫಲಕದ ಗಾತ್ರ ನೋಡಬೇಡಿ. ಸಿವಿಲ್ ಪ್ರಕರಣಗಳು ಹೆಚ್ಚಿವೆಯೇ, ಹಿರಿಯರು ತಾವೇ ವಾದಪತ್ರ ಬರೆಯುತ್ತಾರೆಯೇ ಎಂದು ನೋಡಿ. ಹಳೆಯ ಗುಮಾಸ್ತರೊಬ್ಬರು ಇರುವ ಕಚೇರಿಯಾದರೆ ಇನ್ನೂ ಒಳ್ಳೆಯದು. ವಕೀಲರು ಕಾನೂನು ಕಲಿಸುತ್ತಾರೆ. ನಕಲು ವಿಭಾಗದಲ್ಲಿ ಅರ್ಜಿಯನ್ನು ಯಾವ ಹೊತ್ತಿಗೆ ಕೊಡಬೇಕು, ಶಿರಸ್ತೇದಾರರು ಯಾವ ಕೊರತೆಗೆ ಕಡತವನ್ನು ಹಿಂದಿರುಗಿಸುತ್ತಾರೆ ಎಂಬುದನ್ನು ಕಲಿಸುವವರು ಗುಮಾಸ್ತರು.

ಮೊದಲ ಕೆಲವು ತಿಂಗಳು ಡೈರಿಯೊಂದನ್ನೇ ಹಿಡಿದುಕೊಳ್ಳಿ. ಪ್ರತಿ ಪ್ರಕರಣದ ಹಿಂದಿನ ತಾರೀಖು, ಮುಂದಿನ ತಾರೀಖು, ಯಾವ ಹಂತ ಎಂಬುದನ್ನು ಸಂಜೆಯೇ ಬರೆಯಬೇಕು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಕಡತದ ಮೇಲೆ ದೊಡ್ಡದಾಗಿ ಬರೆಯಿರಿ. ಆ್ಯಪ್ ಇದೆಯಲ್ಲ ಎಂದು ಡೈರಿ ಬಿಡಬೇಡಿ. ಆ್ಯಪ್ ತಾರೀಖನ್ನು ಹೇಳುತ್ತದೆ, ಆ ದಿನ ನಿಮ್ಮ ಸಾಕ್ಷಿದಾರ ದೋಣಿಯಲ್ಲಿ ಕಡಲಿಗೆ ಹೋಗಿರುತ್ತಾನೆ ಎಂದು ಹೇಳುವುದಿಲ್ಲ.

ಆಮೇಲೆ ಗಡುವುಗಳು. ಇವನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ಸಮನ್ಸ್ ಮುಟ್ಟಿದ 30 ದಿನಗಳಲ್ಲಿ ಪ್ರತಿವಾದಿಯ ಲಿಖಿತ ಹೇಳಿಕೆ ಬರಬೇಕು, ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಡಿಕ್ರಿಯ, ಅಂದರೆ ಸಿವಿಲ್ ದಾವೆಯ ತೀರ್ಮಾನದ, ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ. ಅದಕ್ಕಾಗಿಯೇ ತೀರ್ಪಿನ ದಿನವೇ ನಕಲಿಗೆ ಅರ್ಜಿ ಹಾಕುವ ರೂಢಿ ಮಾಡಿಕೊಳ್ಳಿ. ಅಡಿಕೆ ವ್ಯಾಪಾರ ಮತ್ತು ಸಂಘದ ಸಾಲಗಳ ಊರಾದ ಶಿರಸಿಯ ಕಚೇರಿಯಲ್ಲಿ ಚೆಕ್ ಅಮಾನ್ಯದ ಪ್ರಕರಣಗಳು ತಪ್ಪಿದ್ದಲ್ಲ. ಬ್ಯಾಂಕಿನಿಂದ ಚೆಕ್ ವಾಪಸಾದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು, ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಮೇಲೆ ದೂರಿಗೆ ಒಂದು ತಿಂಗಳು. ನೋಟಿಸಿನ ಗಡುವು ಒಂದು ದಿನ ಜಾರಿದರೂ, ದೂರಿನ ವಿಳಂಬಕ್ಕೆ ತಕ್ಕ ಕಾರಣ ತೋರಿಸಲಾಗದಿದ್ದರೂ, ಹಿರಿಯರ ಎಂಥ ವಾದವೂ ಉಪಯೋಗಕ್ಕೆ ಬರುವುದಿಲ್ಲ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳ ಬದಲು ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ವಾಟ್ಸ್‌ಆ್ಯಪ್ ಮಾತುಕತೆಯ ಮುದ್ರಿತ ಪ್ರತಿಯನ್ನು ತಂದು ‘ಇದೇ ಸಾಕ್ಷಿ’ ಎನ್ನುವ ಕಕ್ಷಿದಾರರು ದಿನವೂ ಬರುತ್ತಾರೆ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕೆಂದು, ಅದರಲ್ಲಿ ಸಾಧನ ಬಳಸಿದವರದ್ದೊಂದು ಭಾಗ, ತಜ್ಞರದ್ದೊಂದು ಭಾಗ ಇದೆಯೆಂದು ತಿಳಿಸಿ, ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ ಎಂದು ಮೊದಲೇ ಹೇಳುವ ಗುಮಾಸ್ತರಿದ್ದರೆ ಕಚೇರಿಗೆ ಅರ್ಧ ತಲೆನೋವು ಕಡಿಮೆ.

ಕರಾವಳಿಗೇ ಸೇರಿದ ಇನ್ನೊಂದು ಮಾತು. ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆಂದು ಜನ ಮೂಲ ಪತ್ರಗಳನ್ನೇ ಲ್ಯಾಮಿನೇಷನ್ ಮಾಡಿಸಿ ತರುತ್ತಾರೆ. ಸಹಿ, ಮೊಹರು, ಕಾಗದದ ಹಳತು ಪರೀಕ್ಷಿಸಬೇಕಾಗಿ ಬಂದಾಗ ಅದೇ ತೊಡಕಾಗುತ್ತದೆ. ಗಾಳಿಯಾಡುವ ಕವರಿನಲ್ಲಿಟ್ಟು ಆಗಾಗ ಒಣಗಿಸಿ ಎಂದು ಹೇಳಿ.

ಪಹಣಿ, ಬೆಟ್ಟ, ಅತಿಕ್ರಮಣ

ಈ ಜಿಲ್ಲೆಯಲ್ಲಿ ಸಿವಿಲ್ ವ್ಯಾಜ್ಯವೆಂದರೆ ಬಹುಪಾಲು ಭೂಮಿಯದ್ದು. ಹಾಗಾಗಿ ಪುಸ್ತಕಕ್ಕಿಂತ ಮೊದಲು ನಿಮ್ಮದೇ ಮನೆಯ ಪಹಣಿಯನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಸರ್ವೆ ನಂಬರ್, ಹಿಸ್ಸಾ (ಅದರ ಉಪವಿಭಾಗ), ವಿಸ್ತೀರ್ಣ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ವಿಸ್ತೀರ್ಣದಲ್ಲಿ ಸಾಗುವಳಿಗೆ ಬಾರದ ಜಾಗವನ್ನು ‘ಅ’ ಖರಾಬು, ‘ಬ’ ಖರಾಬು ಎಂದು ಕಳೆದಿರುತ್ತಾರೆ; ‘ಬ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯದ್ದು, ಅದನ್ನು ತನ್ನದೆಂದು ಬೇಲಿ ಹಾಕಿದವರ ವ್ಯಾಜ್ಯ ಪ್ರತಿ ಊರಿನಲ್ಲೂ ಒಂದಿದೆ. ಪಹಣಿಯ 9ನೇ ಕಾಲಮಿನಲ್ಲಿ ಮಾಲಕರ ಹೆಸರು, 10ರಲ್ಲಿ ಭೂಮಿ ಅವರಿಗೆ ಹೇಗೆ ಬಂತು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ. 10ನೇ ಕಾಲಮಿನ ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆಯನ್ನು ಹಿಡಿದು ಹಿಂದೆ ಹಿಂದೆ ಹೋಗಿ: ಅಪ್ಪನ ಹೆಸರಿನಿಂದ ಅಜ್ಜನ ಹೆಸರಿಗೆ, ಅಲ್ಲಿಂದ ಗೇಣಿಯ ಕಾಲಕ್ಕೆ. ಎಲ್ಲಿ ಸರಪಳಿ ಕಡಿದಿದೆಯೋ ಅಲ್ಲಿ ವ್ಯಾಜ್ಯ ಹುಟ್ಟುತ್ತದೆ.

ಗೇಣಿಯ ಕಾಲವೆಂದರೆ 1974ರ ಮಾರ್ಚ್ 1ಕ್ಕೆ ಹಿಂದಿನದು. ಅಂದು ಜಾರಿಯಾದ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿ ಆದೇಶ ಮಾಡಿತು, 10ನೇ ನಮೂನೆಯ ಹಕ್ಕುಪತ್ರ ಬಂತು. ಈ ಮೂರು ಕಾಗದಗಳಲ್ಲಿ ಎರಡು ಅಟ್ಟದ ಪೆಟ್ಟಿಗೆಯಲ್ಲಿರುತ್ತವೆ, ಒಂದು ಯಾವಾಗಲೂ ಇರುವುದಿಲ್ಲ. ಅದನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಹೊರಡಿಸಬಲ್ಲವರು ನಿಜವಾದ ಪ್ಯಾರಾಲೀಗಲ್.

ಯೂಟ್ಯೂಬ್ ನೋಡಿ ಕಲಿಯುವವರಿಗೆ ಎಚ್ಚರಿಕೆ. ಮಂಗಳೂರು ಕಡೆಯವರು ಹೇಳುವ ವರ್ಗ, ಕುಮ್ಕಿ ಎಂಬ ಜಮೀನಿನ ಬಗೆಗಳು ನಮ್ಮಲ್ಲಿಲ್ಲ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಾಖಲೆಗಳ ದಾರಿಯೂ ಬೇರೆಯಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಬೆಟ್ಟ, ಅಂದರೆ ತೋಟಕ್ಕೆ ಬಿಟ್ಟುಕೊಟ್ಟ ಸೊಪ್ಪಿನ ಕಾಡು, ಇದೆ; ಅದರಲ್ಲಿ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತಿದೆಯೇ ಹೊರತು ಮಾಲಕಿ ಇಲ್ಲ. ತೋಟದ ಜೊತೆ ಬೆಟ್ಟವನ್ನೂ ‘ಮಾರಿದ’ ಕರಾರುಪತ್ರ ಎದುರಿಗೆ ಬಂದರೆ ಹಿರಿಯರಿಗೆ ತೋರಿಸದೆ ಮುಂದುವರಿಯಬೇಡಿ. ಇನ್ನೊಂದು, ಹೆಣ್ಣುಮಕ್ಕಳ ಪಾಲು. ಕರ್ನಾಟಕ 1994ರಲ್ಲೇ, ಕೇಂದ್ರ 2005ರ ಸೆಪ್ಟೆಂಬರ್ 9ರಿಂದ ಮಗಳಿಗೆ ಹುಟ್ಟಿನಿಂದ ಸಮಪಾಲು ಕೊಟ್ಟಿವೆ. 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಎಂದಿತು. ಆದರೂ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಕೊಡುವ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ತಂಗಿಯ ಹೆಸರು ಮಾಯವಾಗಿರುವುದುಂಟು. ಕಾಗದ ಜೋಡಿಸುವಾಗ ‘ಅಕ್ಕ-ತಂಗಿಯರು ಎಷ್ಟು ಮಂದಿ’ ಎಂದು ಕೇಳದ ಗುಮಾಸ್ತರು ಮುಂದಿನ ಇಪ್ಪತ್ತು ವರ್ಷದ ದಾವೆಯೊಂದನ್ನು ಬಿತ್ತಿದಂತೆ.

ಹಾಗೆಯೇ 2006ರ ಅರಣ್ಯ ಹಕ್ಕು ಕಾಯ್ದೆ. ಕಾಡಿನ ನಡುವಿನ ಈ ಜಿಲ್ಲೆಯಲ್ಲಿ ಅತಿಕ್ರಮಣದಾರ ಎಂಬ ಹಣೆಪಟ್ಟಿ ಹೊತ್ತ ಮನೆಗಳು ಅಸಂಖ್ಯ. ವೈಯಕ್ತಿಕ ಹಕ್ಕಿಗೆ ‘ಎ’ ನಮೂನೆ, ಸಮುದಾಯದ ಹಕ್ಕಿಗೆ ‘ಬಿ’. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಗ್ರಾಮಸಭೆ ಅಥವಾ ಉಪವಿಭಾಗ ಸಮಿತಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ ಅದರ ಮೇಲಿನ ಸಮಿತಿಗೆ 60 ದಿನಗಳಲ್ಲಿ ಮೇಲ್ಮನವಿ. ಭೂಮಿ 2005ರ ಡಿಸೆಂಬರ್ 13ಕ್ಕೆ ಮೊದಲು ಸ್ವಾಧೀನದಲ್ಲಿರಬೇಕು, ನಾಲ್ಕು ಹೆಕ್ಟೇರ್ ಮೀರಬಾರದು. ಇಲ್ಲಿ ಜನ ಗೊಂದಲಕ್ಕೆ ಬೀಳುವುದು 75 ವರ್ಷದ ವಿಷಯದಲ್ಲಿ. ಪರಿಶಿಷ್ಟ ಪಂಗಡದವರಿಗೆ ಆ ಷರತ್ತಿಲ್ಲ. 2003ರಲ್ಲಿ ಆ ಪಟ್ಟಿಗೆ ಸೇರಿದ ಸಿದ್ದಿಗಳು ಅದರಿಂದ ಪಾರು. ಹಾಲಕ್ಕಿ ಒಕ್ಕಲಿಗರು ಪಟ್ಟಿಯಲ್ಲಿಲ್ಲದ ಕಾರಣ ಮೂರು ತಲೆಮಾರಿನ, ಅಂದರೆ 75 ವರ್ಷದ, ಅರಣ್ಯ ವಾಸವನ್ನು ತೋರಿಸಬೇಕು. ಗಮನಿಸಿ, 75 ವರ್ಷ ಬೇಕಾಗಿರುವುದು ಕಾಡಿನಲ್ಲಿ ವಾಸವಿದ್ದು ಅದನ್ನು ನಂಬಿ ಬದುಕಿದ್ದಕ್ಕೆ. ಅರ್ಜಿ ಹಾಕಿದ ಅದೇ ಗುಂಟೆಯನ್ನು 75 ವರ್ಷ ಉಳುತ್ತಿದ್ದರೆಂದು ಕಾಯ್ದೆ ಕೇಳುವುದಿಲ್ಲ. ಸಾಕ್ಷ್ಯವೆಂದರೆ ಸರ್ಕಾರಿ ಕಾಗದ ಮಾತ್ರವಲ್ಲ. ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಮನೆಯ ಕಟ್ಟೆ, ಸ್ಮಶಾನ, ದೇವರ ಬನ ಇವೂ ನಡೆಯುತ್ತವೆ. ಒಂದಕ್ಕಿಂತ ಹೆಚ್ಚು ಇರಲಿ. ಊರಿನ ಹಿರಿಯಜ್ಜನ ಮಾತನ್ನು ಇವತ್ತೇ ಬರೆದು ಸಹಿ ಮಾಡಿಸಿಟ್ಟುಕೊಳ್ಳಿ. ಜಿಲ್ಲೆಯಲ್ಲಿ ತಿರಸ್ಕೃತ ಅರ್ಜಿಗಳು ರಾಶಿಯಾಗಿವೆ, ತಿರಸ್ಕಾರದ ಕಾರಣವನ್ನು ಓದಿ ಮೇಲ್ಮನವಿಯ ಕಾಗದ ಕಟ್ಟಬಲ್ಲ ಯುವಕ ಯುವತಿಯರು ಮಾತ್ರ ಸಾಲುತ್ತಿಲ್ಲ.

ದಾಟಬಾರದ ಗೆರೆ

ವಕೀಲರ ಅಧಿನಿಯಮದ 33ನೇ ಕಲಮಿನ ಪ್ರಕಾರ ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ಹಕ್ಕು ನೋಂದಾಯಿತ ವಕೀಲರದ್ದು. ಹಕ್ಕಿಲ್ಲದವರು ನಡೆಸಿದರೆ 45ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು. ಮಾಹಿತಿ ಕೊಡುವುದು, ಅರ್ಜಿ ತುಂಬಲು ನೆರವಾಗುವುದು, ಕಡತ ಸಿದ್ಧಪಡಿಸುವುದು ತಪ್ಪಲ್ಲ. ‘ನಿಮ್ಮ ಕೇಸು ಗೆಲ್ಲಿಸಿಕೊಡುತ್ತೇನೆ, ಇಷ್ಟು ಕೊಡಿ’ ಎಂದರೆ ನೀವು ದಲ್ಲಾಳಿ. 2023ರ ತಿದ್ದುಪಡಿಯಿಂದ ದಲ್ಲಾಳಿಗಳ ಪಟ್ಟಿ ಪ್ರಕಟಿಸುವ ಅಧಿಕಾರ ಈ ಅಧಿನಿಯಮದಲ್ಲೇ ಬಂದಿದೆ, ಶಿಕ್ಷೆಯೂ ಇದೆ.

ಗುಟ್ಟಿನ ವಿಷಯವಂತೂ ಸಣ್ಣ ಊರಿನಲ್ಲಿ ಬಹಳ ಕಷ್ಟ. ಎದುರು ಪಕ್ಷದವರ ಭಾವ ನಿಮ್ಮ ಮಾವನ ಗೆಳೆಯನಾಗಿರುತ್ತಾನೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತು ‘ಏನಾಯಿತು ಆ ದಾವೆ’ ಎನ್ನುತ್ತಾನೆ. ಕಕ್ಷಿದಾರರ ಮಾತನ್ನು ಹೊರಹಾಕಬಾರದೆಂಬ ಕಟ್ಟು ವಕೀಲರಿಗಷ್ಟೇ ಅಲ್ಲ, ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಂತೆ ಅವರ ಗುಮಾಸ್ತರಿಗೂ ನೌಕರರಿಗೂ ಇದೆ. ಪಾಯಸದ ಕಡೆಗೆ ಮಾತು ತಿರುಗಿಸಿ.

ಯಾವ ಕೋರ್ಸಿಗೆ ಹಣ ಹಾಕಬಹುದು

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಪಿಯುಸಿ ಆದವರಿಗಾಗಿ ಪ್ಯಾರಾಲೀಗಲ್ ಡಿಪ್ಲೊಮಾ ರೂಪಿಸಿದೆ. ಆ ವರ್ಷದ ಪ್ರವೇಶ ಪಟ್ಟಿಯಲ್ಲಿದ್ದರೆ ಸೇರಬಹುದು. ಇಂಗ್ಲಿಷ್ ಓದುವ ಅಭ್ಯಾಸವಾದರೂ ಆಗುತ್ತದೆ. ನನ್ನನ್ನು ಕೇಳಿದರೆ ಮೊದಲ ಹಣ ಬೆರಳಚ್ಚಿಗೆ ಹೋಗಬೇಕು. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪರೀಕ್ಷೆ ಮುಗಿಸಿದವರಿಗೆ ವಕೀಲರ ಕಚೇರಿಯೂ ತೆರೆದಿರುತ್ತದೆ, ಜಿಲ್ಲಾ ನ್ಯಾಯಾಲಯದ ಬೆರಳಚ್ಚುಗಾರರ ನೇಮಕಾತಿಯೂ ತೆರೆದಿರುತ್ತದೆ.

ಎರಡನೆಯದು ಅನುವಾದ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಧಾರವಾಡದ ಹೈಕೋರ್ಟ್ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಇಲ್ಲಿನ ಸಾಕ್ಷಿ ಹೇಳಿಕೆ, ಪಂಚನಾಮೆ, ಕ್ರಯಪತ್ರ ಎಲ್ಲ ಕನ್ನಡದಲ್ಲಿ, ಅಲ್ಲಿಯ ಕಲಾಪ ಇಂಗ್ಲಿಷಿನಲ್ಲಿ. ಪಾಟೀ ಸವಾಲಿನ ಒಂದು ಪುಟವನ್ನು ಅರ್ಥ ಕೆಡದಂತೆ ಇಂಗ್ಲಿಷಿಗೆ ತರಬಲ್ಲವರಿಗೆ ಪುಟದ ಲೆಕ್ಕದಲ್ಲಿ ಹಣ ಸಿಗುತ್ತದೆ. ಯಂತ್ರಾನುವಾದ ‘ಹಿಸ್ಸಾ’, ‘ಮೂಲಗೇಣಿ’ ಎಂಬಲ್ಲಿ ಎಡವುವವರೆಗೂ ಈ ಕೆಲಸಕ್ಕೆ ಭಯವಿಲ್ಲ.

ವಕೀಲರಾಗುವ ದಾರಿ

ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಶೇಕಡಾ ಅಂಕವಿದ್ದರೆ ಮೂರು ವರ್ಷದ ಎಲ್‌ಎಲ್‌.ಬಿ., ಪಿಯುಸಿ ನಂತರವಾದರೆ ಐದು ವರ್ಷದ್ದು. ಪಿಯುಸಿ ಓದದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರಿಗೆ ಪ್ರವೇಶವಿಲ್ಲ. ಇದನ್ನು ಮೊದಲೇ ನೋಡಿಕೊಳ್ಳಿ. ರಾಜ್ಯದ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಘಟ್ಟದ ಮೇಲಿನವರಿಗೆ ಶಿರಸಿ, ಹುಬ್ಬಳ್ಳಿ, ಧಾರವಾಡ. ಭಟ್ಕಳದವರಿಗೆ ಉಡುಪಿ ಹತ್ತಿರ. ಕಾರವಾರದವರು ರೈಲು ಹತ್ತಿ ಮಡಗಾಂವಿನ ಕಾಲೇಜಿಗೂ ಹೋಗಬಹುದು. ಆದರೆ ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಕುಟುಂಬ ಮತ್ತು ಆಸ್ತಿ ವಿಷಯದಲ್ಲಿ ಇನ್ನೂ ನಡೆಯುತ್ತದೆ, ಇಲ್ಲಿನ ಭೂಕಾನೂನನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕಾಗುತ್ತದೆ. ಅಂಚೆಯ ಮೂಲಕ ಎಲ್‌ಎಲ್‌.ಬಿ. ಎಂಬುದು ವಕೀಲಿಗೆ ಬರುವುದಿಲ್ಲ. ವಕೀಲರ ಪರಿಷತ್ತಿನ ನಿಯಮದಂತೆ ಶೇ 70 ಹಾಜರಾತಿ ಬೇಕು. ‘ಬಾರದಿದ್ದರೂ ನಡೆಯುತ್ತದೆ’ ಎನ್ನುವ ಕಾಲೇಜಿನಿಂದ ದೂರವಿರಿ.

ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಮುದ್ರಾಂಕ ಶುಲ್ಕವಿದ್ದರೆ ಅದು ಬೇರೆ. ಬಳಿಕ ಅಖಿಲ ಭಾರತ ವಕೀಲರ ಪರೀಕ್ಷೆ. ಟಿಪ್ಪಣಿಯಿಲ್ಲದ ಮೂಲ ಕಾಯ್ದೆ ಪುಸ್ತಕ ಒಯ್ಯಬಹುದು, ಅಂದರೆ ಪುಟ ಹುಡುಕುವ ವೇಗವೇ ಪರೀಕ್ಷೆ; ಗುಮಾಸ್ತರಾಗಿದ್ದವರು ಇಲ್ಲಿ ಮುಂದು. ಸಿವಿಲ್ ನ್ಯಾಯಾಧೀಶರಾಗುವ ಆಸೆಯಿದ್ದರೆ ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪು ಕನಿಷ್ಠ ಮೂರು ವರ್ಷದ ವಕೀಲಿಯನ್ನು ಕಡ್ಡಾಯಗೊಳಿಸಿದೆ. ನೋಂದಣಿಯಾದ ವಕೀಲರು ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವಂತಿಲ್ಲ. ಸಂಘದ ನೌಕರಿಯನ್ನೂ ಕರಿಕೋಟನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಉಪಾಯ ಹುಡುಕಬೇಡಿ.

ಕೋಟು ಬೇಡವೆನ್ನುವವರಿಗೂ ದಾರಿಯಿದೆ. ಸಹಕಾರಿ ಸಂಘಗಳ ವಿವಾದಗಳು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ನಿಬಂಧಕರ (ರಿಜಿಸ್ಟ್ರಾರ್) ಮುಂದೆ ನಡೆಯುತ್ತವೆ. ವಸೂಲಿಯ ಕಾಗದ ಬಲ್ಲವರು ಘಟ್ಟದ ಮೇಲಿನ ಸಂಘಗಳಿಗೆ ಯಾವಾಗಲೂ ಬೇಕು. ನೋಂದಣಿ ಕಚೇರಿಯ ಪತ್ರ ಬರಹಗಾರರಿಗೆ 1979ರ ನಿಯಮಗಳಡಿ ಪರವಾನಗಿಯಿದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಬಂದ ಮೇಲೆ ಜನರೇ ಆನ್‌ಲೈನಿನಲ್ಲಿ ವಿವರ ತುಂಬಬಹುದಾದರೂ ಕ್ರಯಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ತಪ್ಪಿಲ್ಲದೆ ಬರೆಯುವವರ ಮುಂದೆ ಸಾಲು ಕರಗಿಲ್ಲ.

ಕಚೇರಿ ಕೇಳಲು ಹೋಗುವುದಾದರೆ ಬೆಳಿಗ್ಗೆ ಹತ್ತೂವರೆಗೆ ಹೋಗಬೇಡಿ, ಆ ಹೊತ್ತಿಗೆ ಹಿರಿಯರ ಕಣ್ಣು ಕಡತದಲ್ಲಿರುತ್ತದೆ. ಸಂಜೆ ಐದರ ಮೇಲೆ ಹೋಗಿ. ಸಾಧ್ಯವಾದರೆ ಮೇ ತಿಂಗಳ ಬೇಸಿಗೆ ರಜೆಯಲ್ಲಿ ಸೇರಿ. ಆಗ ಹಳೆಯ ಕಡತ ಬಿಚ್ಚಿ ತೋರಿಸಲು ಅವರಿಗೂ ಪುರುಸೊತ್ತಿರುತ್ತದೆ. ಪಗಾರದ ಮಾತನ್ನು ನಾಚಿಕೆಯಿಲ್ಲದೆ ಮೊದಲ ದಿನವೇ ಆಡಿ. ಬಸ್ ಖರ್ಚು, ನಕಲು ಶುಲ್ಕ, ಝೆರಾಕ್ಸ್ ಯಾರದ್ದು ಎಂಬುದನ್ನೂ ಅಂದೇ ಕೇಳಿ, ಕೊಟ್ಟ ಪ್ರತಿ ರೂಪಾಯಿಯನ್ನೂ ಡೈರಿಯ ಕೊನೆಯ ಪುಟಗಳಲ್ಲಿ ಬರೆದಿಟ್ಟು ಶನಿವಾರ ಲೆಕ್ಕ ಒಪ್ಪಿಸಿ.